ಮೇಷ್ಟ್ರ ಆಕಾಶನೌಕೆ, ಮಾವನ ಮುದ್ದೆ

"ಬೆಳಕಿಗಿಂತ ಜೋರಾಗಿ ನೌಕೆ ಓಡ್ಸೋದು ಸುಳ್ಳುಬುರುಕರ ಕೆಲಸ ಕಣೇ! ನನ್ನ ಕಥೆಯ ಆಕಾಶನೌಕೆ ಬೆಳಕಿಗಿಂತ ಒಂದು ಗುಲಗಂಜಿ ನಿಧಾನ. ಆದ್ರೆ ಮಂತ್ರ ಇಲ್ಲ, ಮಾಯ ಇಲ್ಲ, ಶುದ್ಧ ವಿಜ್ಞಾನ!"

೧೯೪೭ರ ಒಂದು ಭಾನುವಾರ ದೇವನಹಳ್ಳಿಯ ಗೋಪಾಲಪ್ಪ ಮೇಷ್ಟ್ರು ಕಥೆಯ ಹಾಳೆಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಹೀಗೆ ಘೋಷಿಸಿದಾಗ, ಹೆಂಡತಿ ಆದಿಲಕ್ಷ್ಮಮ್ಮ ಮುದ್ದೆ ಕಟ್ಟುತ್ತಿದ್ದರು. ನಲ್ಲೂರಿನಿಂದ ಅವರ ಅಪ್ಪ ಹನುಮಂತರಾಯಪ್ಪ ಊಟಕ್ಕೆ ಬರುವವರಿದ್ದರು. ಹೋದ ಸಲ ಈ ಮಾವನವರು ಕಥೆ ಕೇಳಿ, "ಎಲ್ಲಾ ಸರಿ ಅಳಿಯಂದ್ರೇ, ಇದಕ್ಕೆ ಎತ್ತು ಎಲ್ಲಿ ಕಟ್ತೀರಿ?" ಎಂದು ಜಗಲಿ ತುಂಬ ಜನರ ಎದುರು ಕೇಳಿ ಅಳಿಯನ ಮಾನ ತೆಗೆದಿದ್ದರು. ಇವತ್ತು ಅವರ ಬಾಯಿ ಮುಚ್ಚಿಸಲೇಬೇಕು!

"ಹಿಂದಕ್ಕೆ ಏನಾದ್ರೂ ಜೋರಾಗಿ ಎಸೆದ್ರೆ ನಾವು ಮುಂದಕ್ಕೆ ಹೋಗ್ತೀವಿ. ಅಷ್ಟೇ ಗುಟ್ಟು!"

"ನಿಲ್ಸೋದು ಹೆಂಗೆ?"

"ನೌಕೆ ತಿರುಗಿಸಿ, ಹೋಗ್ತಿರೋ ಕಡೆಗೇ ಎಸೆಯೋದು."

"ತಿರುಗ್ಸೋರು ಯಾರು?"

"ನೀನು ಹೋಗಿ ನೀರು ಸೇದು!"

ಆಕೆ ಬಾವಿಗೆ ಹೋದದ್ದೇ ತಡ, ವಿಜ್ಞಾನ ಮನೆಗೆ ನುಗ್ಗಿತು. ಮಾವನಿಗೆ ಕಣ್ಣಾರೆ ತೋರಿಸಲು ಮೇಷ್ಟ್ರು ಒಂದು ಪುಟ್ಟ ನೌಕೆಯನ್ನೇ ಕಟ್ಟತೊಡಗಿದರು. ಊಟದ ಮಣೆಗೆ ನಾಲ್ಕು ಗಾಲಿ. ಮಣೆಯ ಮೇಲೆ ಒಡೆದ ಹೆಂಚಿನಲ್ಲಿ ಕೆಂಡ. ಕೆಂಡದ ಮೇಲೆ ಹೆಂಡತಿ ತವರಿನಿಂದ ತಂದ ಹಿತ್ತಾಳೆ ತಂಬಿಗೆ, ನೀರು ತುಂಬಿ ಓರೆಯಾಗಿ. ಅದರ ಬಾಯಿ ಮುಚ್ಚುವುದು ಹೇಗೆ? ಮಾವನಿಗೆಂದು ಕಟ್ಟಿಟ್ಟ ಮುದ್ದೆ ಇತ್ತಲ್ಲ! ಅದನ್ನೇ ಮೆತ್ತಿ, ಹಬೆ ಹೋಗಲು ಪೊರಕೆ ಕಡ್ಡಿಯಿಂದ ಒಂದು ತೂತು ಮಾಡಿದರು. ಮಾವನವರು ಒಳಗೆ ಬರುತ್ತಲೇ ಹಬೆ ಕಾಣಲೆಂದು ತಂಬಿಗೆಯ ಬಾಯಿ ತಲೆಬಾಗಿಲ ಕಡೆಗೆ, ಬೆನ್ನು ಅಡುಗೆಮನೆ ಕಡೆಗೆ ಇಟ್ಟರು.

ಕಾವು ತಗುಲಿದ ಮುದ್ದೆ ಒಣಗಿ ಕಲ್ಲಾಗುತ್ತದೆ. ಇದು ಸೀಮೆಗೆಲ್ಲ ಗೊತ್ತು, ಮೇಷ್ಟ್ರೊಬ್ಬರನ್ನು ಬಿಟ್ಟು! ತೂತು ಮುಚ್ಚಿಕೊಂಡಿತು. ತಂಬಿಗೆ ಗೊಣಗಿತು, ನಡುಗಿತು. ಸರಿಯಾಗಿ ಆ ಹೊತ್ತಿಗೆ ಮಾವನವರು ಹೊಸ್ತಿಲು ದಾಟಿದರು.

"ಬನ್ನಿ ಮಾವ, ಅಲ್ಲೇ ನಿಂತು ನೋ…"

ಢಮಾರ್!

ಮುದ್ದೆ ಹಿಂದಕ್ಕೆ ಹಾರಿ ಮಾವನ ಪೇಟವನ್ನು ಬೀದಿಗೆ ಕೆಡವಿತು. ನೌಕೆ ಮುಂದಕ್ಕೆ ಹಾರಿ ಅವರೆಕಾಳು ಸಾರಿನ ಮಡಕೆ ಒಡೆದು ನಿಂತಿತು.

ಕೊಡ ಹೊತ್ತು ಬಂದ ಆದಿಲಕ್ಷ್ಮಮ್ಮ ಹರಿಯುವ ಸಾರು ನೋಡಿದರು. "ನಿಲ್ಸೋದು ಹೆಂಗೆ ಅಂತ ಕೇಳಿದ್ನಲ್ಲ, ಸಾರಿನ ಮಡಕೆ ಇದೆ ಅಂತ ಆಗ್ಲೇ ಹೇಳ್ಬಾರ್ದಿತ್ತಾ?" ಎಂದವರೇ ನೆಗ್ಗಿದ ತಂಬಿಗೆ ಎತ್ತಿಕೊಂಡು ಅಪ್ಪನ ಎತ್ತಿನ ಗಾಡಿ ಹತ್ತಿಬಿಟ್ಟರು. "ನಡೀಯಪ್ಪ ನಲ್ಲೂರಿಗೆ. ಇವರು ಚಂದ್ರಲೋಕದಲ್ಲೇ ಉಣ್ಣಲಿ!"

ಮೇಷ್ಟ್ರೋ, ಹೆಂಡತಿ ಹೋದರೆ ಮುದ್ದೆ ಕಟ್ಟಲೂ ಬಾರದ ಬಡಜೀವ! ಪಂಚೆ ಎತ್ತಿ ಕಟ್ಟಿ ಗಾಡಿಯ ಹಿಂದೆ ಓಡಿದರು. ಊರ ಬಾಗಿಲು ದಾಟಿದರೂ ಗಾಡಿ ಸಿಗಲಿಲ್ಲ.

"ನಿಲ್ಲೇ! ಓಡೋಕಾಗ್ತಿಲ್ಲ!"

"ಹಿಂದಕ್ಕೆ ಏನಾದ್ರೂ ಎಸೆದ್ರೆ ಮುಂದಕ್ಕೆ ಹೋಗ್ತೀವಿ ಅಂದ್ರಲ್ಲ!" ಗಾಡಿಯೊಳಗಿಂದ ಉತ್ತರ ಬಂತು. "ಕಂಕುಳಲ್ಲಿರೋ ಆ ಕಥೆ ಎಸೀರಿ, ನೋಡಾಣ!"

ಮೇಷ್ಟ್ರು ಕಣ್ಣು ಮುಚ್ಚಿ ಎಸೆದರು. ಗಾಡಿ ನಿಂತಿತು.

"ಹತ್ತಿ ಅಳಿಯಂದ್ರೇ," ಎಂದರು ಹನುಮಂತರಾಯಪ್ಪ, ಬೋಳು ತಲೆ ಸವರಿಕೊಳ್ಳುತ್ತ. "ನಿಮ್ಮ ವಿಜ್ಞಾನ ಸುಳ್ಳಲ್ಲ ಬಿಡಿ!"