ಹೆಂಡತಿಯ ಹಾಜರಿ ಪುಸ್ತಕ

ಬೇರೆಯವರ ತಪ್ಪನ್ನು ದುಂಡಗಿನ ಅಕ್ಷರದಲ್ಲಿ ಬರೆದಿಡುವುದರಲ್ಲಿ ಒಂದು ಸುಖವಿದೆ. ಇದನ್ನು ಒಪ್ಪಿಕೊಳ್ಳಲು ನನಗೆ ಐವತ್ತೆರಡು ವರ್ಷ ಬೇಕಾಯಿತು. ಹೊಳೆನರಸೀಪುರದ ಒಂದು ಪ್ರೌಢಶಾಲೆಯಲ್ಲಿ ನಾನು ಗುಮಾಸ್ತ. ಮೇಷ್ಟರುಗಳ ಹಾಜರಿ ಪುಸ್ತಕ ನನ್ನ ಮೇಜಿನ ಮೇಲಿರುತ್ತದೆ. ಹತ್ತು ಗಂಟೆ ಹತ್ತು ನಿಮಿಷಕ್ಕೆ ಸರಿಯಾಗಿ, ಸಹಿ ಬೀಳದ ಮನೆಗಳಿಗೆಲ್ಲ ಕೆಂಪು ಇಂಕಿನ ಗೆರೆ ಎಳೆಯುತ್ತೇನೆ. ಚನ್ನರಾಯಪಟ್ಟಣದಿಂದ ದಿನಾ ಬಸ್ಸಿನಲ್ಲಿ ಬರುವ ವಿಜ್ಞಾನದ ಮೇಷ್ಟರು ಹನ್ನೊಂದನೇ ನಿಮಿಷಕ್ಕೆ ಏದುಸಿರು ಬಿಡುತ್ತ ಬಂದು, “ಬಸ್ಸು ಪಂಚರ್ ಆಯ್ತು ಕಣ್ರೀ, ನಾನೇನು ಒತ್ಕಂಡ್ ಬರ್ಲಾ?” ಎಂದು ಗೋಗರೆದರೂ, “ಪುಸ್ತಕ ಹೆಡ್‌ಮಾಸ್ಟರ ರೂಮಿಗೆ ಹೋಯ್ತು ಸಾರ್” ಎಂದುಬಿಡುತ್ತೇನೆ. ಪುಸ್ತಕ ಆಗ ನನ್ನ ಡ್ರಾಯರಿನಲ್ಲೇ ಇರುತ್ತದೆ. ಇಂಥವನ ಕೈಗೆ ಹೆಂಡತಿಯ ದಿನಚರಿ ಕೊಟ್ಟರೆ ಏನಾಗುತ್ತದೆಂದು ಊರಿನಲ್ಲಿ ಯಾರು ಬೇಕಾದರೂ ಹೇಳುತ್ತಿದ್ದರು. ಪಾಪ, ಹಾಸನದ ಡಾಕ್ಟರಿಗೆ ಗೊತ್ತಿರಲಿಲ್ಲ.

ನನ್ನ ಹೆಂಡತಿ ಜಯ ಮನೆಯಲ್ಲಿ ರವಿಕೆ ಹೊಲಿಯುತ್ತಾಳೆ. ಅವಳ ಕೈಕೆಲಸ ಮೆಚ್ಚಿ ಅರಕಲಗೂಡಿನಿಂದಲೂ ಬಟ್ಟೆ ತಂದುಕೊಡುವವರಿದ್ದಾರೆ. ಆದರೆ ಬಲತೋಳು ಕೂರಿಸಿ ಎಡತೋಳಿಗೆ ಬರುವಷ್ಟರಲ್ಲಿ ಅವಳಿಗೆ ದಾರದ ನೆನಪಾಗುತ್ತದೆ. ದಾರ ಹುಡುಕಲು ಹೋದವಳು ಬೀರು ಜೋಡಿಸಲು ಕೂರುತ್ತಾಳೆ. ಬೀರುವಿನಲ್ಲಿ ಸಿಕ್ಕ ಹಳೇ ಫೋಟೋವನ್ನು ಪಕ್ಕದ ಮನೆಯವರಿಗೆ ತೋರಿಸಲು ಹೋಗುತ್ತಾಳೆ. ಅಲ್ಲಿಂದ ಒಂದು ಹಿಡಿ ಕರಿಬೇವು ಹಿಡಿದು ಬರುವ ಹೊತ್ತಿಗೆ ಆ ಕರಿಬೇವು ಬೀಳಬೇಕಿದ್ದ ಸಾರು ತಳ ಹಿಡಿದಿರುತ್ತದೆ. ಇಪ್ಪತ್ತಮೂರು ವರ್ಷದಿಂದ ನಾನು ಇದಕ್ಕೆ ‘ಬೇಜವಾಬ್ದಾರಿ’ ಎಂಬ ಹೆಸರಿಟ್ಟುಕೊಂಡು ಬಂದಿದ್ದೆ. ನಾಲ್ಕು ಜನ ಸೇರಿದ ಕಡೆ ತಮಾಷೆಯ ಹಾಗೆ ಹೇಳುತ್ತಲೂ ಇದ್ದೆ. ನಾಲ್ಕು ಜನ ನಗುತ್ತಿದ್ದರು, ಅವಳೂ ನಗುತ್ತಿದ್ದಳು. ಅವಳು ಯಾಕೆ ನಗುತ್ತಿದ್ದಳೆಂದು ನಾನು ಕೇಳಿದವನಲ್ಲ.

ಹೋದ ವರ್ಷ ಯಾರದೋ ಮಗಳ ಮದುವೆಯ ರೇಷ್ಮೆ ರವಿಕೆಯ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟು, ಫೋನು ಬಡಿದುಕೊಂಡಿತೆಂದು ಆಚೆ ಹೋದಳು. ವಾಪಸು ಬಂದಾಗ ರವಿಕೆಯ ಬೆನ್ನಿಗೆ ಇಸ್ತ್ರಿಪೆಟ್ಟಿಗೆಯ ಆಕಾರದ ಕಿಟಕಿಯಾಗಿತ್ತು. ಅತ್ತಾಳು ಎಂದುಕೊಂಡೆ. ಅಳಲಿಲ್ಲ. “ರೀ, ಇದು ಬೇಜವಾಬ್ದಾರಿ ಅಲ್ಲ ಕಣ್ರೀ. ನನ್ನ ತಲೇಲಿ ಏನೋ ಇದೆ. ಒಂದ್ಸಲ ತೋರಿಸ್ಬೇಕು” ಅಂದಳು. ಅವಳೇ ಅಲ್ಲಿ ಇಲ್ಲಿ ವಿಚಾರಿಸಿ, ಎ.ಡಿ.ಎಚ್.ಡಿ. ಎಂಬ, ಗಮನ ಒಂದೆಡೆ ನಿಲ್ಲದ ತೊಂದರೆಯೊಂದಿದೆಯೆಂದೂ, ಅದು ಬರೀ ಶಾಲೆ ಮಕ್ಕಳದ್ದಲ್ಲವೆಂದೂ, ಹಾಸನದಲ್ಲಿ ಖಾಸಗಿಯಾಗಿ ಪರೀಕ್ಷೆ ಮಾಡುವ ಡಾಕ್ಟರೊಬ್ಬರಿದ್ದಾರೆಂದೂ ಪತ್ತೆ ಮಾಡಿದಳು. ಒಂದು ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಮುಗಿಸಿದ್ದಳು. ಅದನ್ನು ಗಮನಿಸಬೇಕಿದ್ದ ನಾನು, ‘ಮನೋವೈದ್ಯರು’ ಎಂಬ ಬೋರ್ಡಿನ ಕೆಳಗೆ ನಮ್ಮನ್ನು ಯಾರಾದರೂ ನೋಡಿದರೆ ಏನು ಗತಿ ಎಂದು ಯೋಚಿಸುತ್ತಿದ್ದೆ.

ನೋಡೇ ನೋಡಿದರು. ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಅದೇ ವಿಜ್ಞಾನದ ಮೇಷ್ಟರು ರಜೆ ಹಾಕಿ ನಿಂತಿದ್ದರು. “ಏನು ಸಾ, ಜೋಡೀಲಿ ಒಂಟ್ರಿ?” ಅಂದರು. “ಕಣ್ಣು ತೋರಿಸೋಕೆ” ಎಂದೆ. ಅಂದಿನಿಂದ ಪ್ರತಿ ಬೆಳಿಗ್ಗೆ ಸಹಿ ಹಾಕುವಾಗ, “ಎಂಗೈತೆ ಸಾ ಕಣ್ಣು? ಆಪರೇಸನ್ ಏನಾರ ಯೋಳುದ್ರಾ?” ಎಂದು ಅಕ್ಕರೆಯಿಂದ ವಿಚಾರಿಸುತ್ತಾರೆ. ಆ ದಿನ ಆಟೋದಲ್ಲಿ ಕೂತ ಮೇಲೆ ಜಯ, “ಕಾಯಿಲೆ ನಂದು. ನಂಗಿಲ್ಲದ ನಾಚಿಕೆ ನಿಮಗ್ಯಾಕೆ?” ಎಂದು ಕೇಳಿದ್ದಳು. ನಾನು ಆಟೋದವನಿಗೆ ದಾರಿ ಹೇಳುವುದರಲ್ಲಿ ಮುಳುಗಿದವನಂತೆ ನಟಿಸಿದೆ.

ಡಾಕ್ಟರಮ್ಮನಿಗೆ ಮೂವತ್ತೈದು ದಾಟಿರಲಾರದು. ಪ್ರಶ್ನೆಗಳ ಹಾಳೆ ತುಂಬಿಸುವುದು, ಮಾತಾಡಿಸುವುದು ಎಲ್ಲ ಸೇರಿ ಎರಡು ದಿನದ ಕೆಲಸ. ಎರಡನೆಯ ಸಲ ಬರುವಾಗ ಜಯಳನ್ನು ಚಿಕ್ಕಂದಿನಲ್ಲಿ ಕಂಡವರೊಬ್ಬರನ್ನು ಕರೆತನ್ನಿ ಎಂದರು. ಅರಕಲಗೂಡಿನ ಕಡೆಯ ಹಳ್ಳಿಯಿಂದ ಅವಳ ಅಣ್ಣ ಪುಟ್ಟಸ್ವಾಮಿ, ಭತ್ತದ ನಾಟಿ ಬಿಟ್ಟು ಬಂದರು.

“ಇವ್ಳು ಉಟ್ದಾಗ್ಲಿಂದ ಅಂಗೇ ಕಣ್ ಡಾಕ್ಟ್ರಮ್ಮ” ಎಂದು ಶುರುಮಾಡಿದರು. “ಎಮ್ಮೆ ಮೇಯಿಸ್ಕಂಡು ಇಡ್ಕಂಡ್ ಬಾವ್ವ ಅಂತ ಕಳ್ಸುದ್ರೆ, ಅಗ್ಗ ಇಡ್ಕಂಡ್ ಬರೋಳು. ಎಮ್ಮೆ ಎಲ್ಲವ್ವ ಅಂದ್ರೆ ಹಿಂದಕ್ಕೆ ತಿರುಗಿ ನೋಡೋಳು!”

ಡಾಕ್ಟರು ನಕ್ಕರು, ಜಯ ನಕ್ಕಳು, ನಾನಂತೂ ಕೇಸು ಗೆದ್ದ ವಕೀಲನ ಹಾಗೆ ನಕ್ಕೆ. ಪುಟ್ಟಸ್ವಾಮಿ ಮಾತ್ರ ಟವಲಿನಿಂದ ಮುಖ ಒರೆಸಿಕೊಂಡು, “ಅದ್ಕೇ ಅಪ್ಪ ಒಡೀತಿತ್ತು. ನಾನೂ ಒಡ್ದಿವ್ನಿ. ಇದಿಂಗೆ ಅಂತ ಯಾರಿಗ್ ಗೊತ್ತಿತ್ತು? ತಪ್ಪಾಯ್ತು ಕಣವ್ವ ಜಯ” ಅಂದರು. ಮುಂದಿನ ಸರದಿ ನನ್ನದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಕನ್ನಡಕ ತೆಗೆದು ಒರೆಸಿದೆ.

ಎ.ಡಿ.ಎಚ್.ಡಿ. ಹೌದೆಂದು ಖಚಿತವಾಯಿತು. ದಿನಕ್ಕೊಂದು ಮಾತ್ರೆ, ಸಣ್ಣ ಪ್ರಮಾಣದಿಂದ ಶುರು. ನಾಲ್ಕು ವಾರ ನೋಡಿ ಏರಿಸುವುದೋ ಬಿಡುವುದೋ ಹೇಳುತ್ತೇನೆ ಎಂದರು. ಅಲ್ಲಿಯವರೆಗೆ ಮಾತ್ರೆಯ ಹೊತ್ತು, ನಿದ್ದೆ, ಊಟ, ನಾಡಿ, ‘ದಿನ ಹೇಗಿತ್ತು’ ಎಂಬುದನ್ನು ಒಂದು ಚಾರ್ಟಿನಲ್ಲಿ ಬರೆಯಬೇಕು. “ಅವರು ಮರೆತರೆ ನೀವು ಸ್ವಲ್ಪ ನೆನಪು ಮಾಡಿ ಸರ್” ಎಂದರು. ನೆನಪು ಮಾಡಿ ಎಂದದ್ದನ್ನು ನಾನು ನೇಮಕಾತಿ ಆದೇಶ ಎಂದುಕೊಂಡೆ. ಅವರು ಕೊಟ್ಟ ಹಾಳೆ ಸಾಲದೆಂದು ಉದ್ದನೆಯ ಪುಸ್ತಕಕ್ಕೆ ಸ್ಕೇಲಿನಲ್ಲಿ ಗೆರೆ ಎಳೆದು, ಅವರು ಕೇಳದ ಒಂದು ಅಂಕಣವನ್ನು ಸೇರಿಸಿದೆ: ‘ಲೋಪಗಳು’. ಕೆಂಪು ಪೆನ್ನು ಶಾಲೆಯಿಂದ ಮನೆಗೆ ಬಂತು.

‘7.20, ಹಾಲು ಉಕ್ಕಿದೆ. 9.05, ಬೀಗದ ಕೈ ಫ್ರಿಜ್ಜಿನಲ್ಲಿ, ಮೊಸರಿನ ಪಕ್ಕ. ಸಂಜೆ, ನಲ್ಲಿ ನಿಲ್ಲಿಸಿಲ್ಲ.’ ಹೀಗೆ ನಾಲ್ಕು ಪುಟ. ಬರೆಯದೆ ಬಿಟ್ಟದ್ದೂ ಇತ್ತು. ಮೂರು ರವಿಕೆಗಳನ್ನು ಹೇಳಿದ ದಿನಕ್ಕೇ ಮುಗಿಸಿದ್ದಳು. ಒಂದು ಸಂಜೆ ಹೂ ಕಟ್ಟುತ್ತ, “ರೀ, ತಲೆಯೊಳಗೆ ಹತ್ತು ರೇಡಿಯೋ ಒಟ್ಟಿಗೇ ಹಾಡ್ತಿದ್ವು. ಈಗ ಎರಡೋ ಮೂರೋ ಅಷ್ಟೇ” ಎಂದು ಮಗುವಿನ ಹಾಗೆ ಹೇಳಿದ್ದಳು. ರೇಡಿಯೋಗೆ ನನ್ನಲ್ಲಿ ಅಂಕಣವಿರಲಿಲ್ಲ.

ನಾಲ್ಕು ವಾರದ ನಂತರ ಡಾಕ್ಟರು, “ನಿಮಗೆ ಹೇಗನ್ನಿಸ್ತಿದೆ?” ಎಂದು ಜಯಳನ್ನು ಕೇಳಿದರು. ಅವಳು ಬಾಯಿ ತೆಗೆಯುವುದರೊಳಗೆ, “ಎಲ್ಲ ಬರ್ದಿದೀನಿ ಡಾಕ್ಟ್ರೇ” ಎಂದು ಪುಸ್ತಕ ಮುಂದಿಟ್ಟೆ. ಜಯ ಅದನ್ನು ನೋಡಿದ್ದು ಅದೇ ಮೊದಲು. ಕೆಂಪಾದ ಪುಟಗಳ ಮೇಲೆ ಅವಳ ಕಣ್ಣು ಓಡಿತು. “ಅವರೇ ಬರೆದಿದ್ದಾರಲ್ಲ, ಸರಿಯಾಗೇ ಇರುತ್ತೆ” ಅಂದಳು, ಸಣ್ಣ ದನಿಯಲ್ಲಿ. ಡಾಕ್ಟರು ಮಾತ್ರೆಯ ಪ್ರಮಾಣವನ್ನು ಒಂದು ಮೆಟ್ಟಿಲು ಏರಿಸಿದರು. ಊಟ ಸೇರದಿದ್ದರೆ, ಎದೆ ಬಡಿತ ಜಾಸ್ತಿಯಾದರೆ, ಮಂಕಾಗಿ ಕಂಡರೆ ತಕ್ಷಣ ಫೋನ್ ಮಾಡಿ ಎಂದು ಎರಡೆರಡು ಸಲ ಹೇಳಿದರು.

ಆಮೇಲಿನ ಮೂರು ವಾರ ನಮ್ಮ ಮನೆ ತಪಾಸಣೆಗೆ ಸಿದ್ಧವಾದ ಕಚೇರಿಯಂತಿತ್ತು. ಬೀಗದ ಕೈ ಮೊಳೆಯಲ್ಲಿ. ರವಿಕೆಗಳು ಸಾಲಾಗಿ ಗೂಟದಲ್ಲಿ. ಜಯ ಮೆಷಿನ್ನಿನ ಮುಂದೆ ಕೂತರೆ ಏಳುತ್ತಿರಲಿಲ್ಲ. ಏಳುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ, ಪಕ್ಕದ ಮನೆಗೆ ಹೋಗುತ್ತಿರಲಿಲ್ಲ. ಪಕ್ಕದ ಮನೆಯಾಕೆ ಕಾಂಪೌಂಡಿನಾಚೆಯಿಂದ, “ಅಕ್ಕಂಗೆ ಉಷಾರಿಲ್ವಾಣ್ಣ? ದನೀನೇ ಕೇಳಲ್ಲ” ಎಂದು ಕೇಳಿದರೆ, “ಈಗಲೇ ಕಣಮ್ಮ ಹುಷಾರಾಗಿರೋದು” ಎಂದೆ. ಲೋಪಗಳ ಅಂಕಣ ಖಾಲಿಯಾಯಿತು. ‘ದಿನ ಹೇಗಿತ್ತು’ ಎಂಬಲ್ಲಿ ನೀಲಿ ಇಂಕಿನಲ್ಲಿ ‘ಉತ್ತಮ’ ಎಂದು ಬರೆಯತೊಡಗಿದೆ. ನಾಡಿಯ ಅಂಕಣದಲ್ಲಿ ನೂರು, ನೂರಾನಾಲ್ಕು, ನೂರೆಂಟು ಎಂದು ಮುತ್ತಿನಂಥ ಅಂಕಿಗಳನ್ನು ನಾನೇ ಬರೆದೆ, ಒಂದನ್ನೂ ಓದಲಿಲ್ಲ.

ಓದಲಿಲ್ಲ ಎಂಬುದೂ ಪೂರ್ತಿ ನಿಜವಲ್ಲ. ಒಂದು ಮಧ್ಯಾಹ್ನ ಅವಳಿಗೆ ಪ್ರಾಣವಾದ ಅವರೆಕಾಳು ಸಾರು, ಮುದ್ದೆ ಮಾಡಿ, ಎರಡು ತುತ್ತು ತಿಂದು ತಟ್ಟೆ ಸರಿಸಿದಳು. “ಎದೆ ಡವಡವ ಅಂತದೆ ಕಣ್ರೀ. ನಾನು ಯಾರದೋ ಮನೇಲಿ ಕೆಲಸಕ್ಕೆ ಬಂದಂಗಿದೆ” ಎಂದಳು. ಡಾಕ್ಟರು ಹೇಳಿದ್ದು ಅಕ್ಷರ ಅಕ್ಷರವಾಗಿ ನೆನಪಿಗೆ ಬಂತು. ಫೋನು ಕೈಯಳತೆಯಲ್ಲಿತ್ತು. “ಅಭ್ಯಾಸ ಆಗುತ್ತೆ ಬಿಡು” ಎಂದೆ. ಮದುವೆಯಾದ ಮೇಲೆ ನನಗೆ ಅಷ್ಟು ಆರಾಮವಾಗಿದ್ದ ಮೂರು ವಾರ ಇನ್ನೊಂದಿಲ್ಲ. ಫೋನ್ ಮಾಡದಿರಲು ಅದೊಂದೇ ಕಾರಣ. ಬೇರೆ ಕಾರಣ ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ.

ಮುಂದಿನ ಭೇಟಿಯಲ್ಲಿ ಡಾಕ್ಟರು ಮೊದಲು ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಮೂರು ಕಿಲೋ ಇಳಿದಿದ್ದಳು. ನಾಡಿ ಹಿಡಿದರು. ಆಮೇಲೆ ನನ್ನ ಪುಸ್ತಕ ತೆಗೆದು, “ಉತ್ತಮ, ಉತ್ತಮ, ಅತ್ಯುತ್ತಮ...” ಎಂದು ಓದುತ್ತ ಹೋಗಿ ನಿಂತರು. “ಸರ್, ಇದು ಯಾರಿಗೆ ಉತ್ತಮ?”

ಉತ್ತರ ಜಯ ಕೊಟ್ಟಳು. ಸಿಟ್ಟಿರಲಿಲ್ಲ. “ಅವರಿಗೆ ಡಾಕ್ಟ್ರೇ. ಮನೇಲಿ ನಾನು ಇಲ್ಲದ ಹಾಗೇ ಇದ್ದೀನಲ್ಲ, ಅದಕ್ಕೆ.”

“ಸ್ವಲ್ಪ ಹೊರಗೆ ಕೂತಿರಿ ಸರ್” ಎಂದರು ಡಾಕ್ಟರು. ಹೊರಗೆ, ಆ ಬೋರ್ಡಿನ ಕೆಳಗೇ, ಅರ್ಧ ಗಂಟೆ ಕೂತೆ. ಶಾಲೆಯವರೆಲ್ಲ ಸಾಲಾಗಿ ಬಂದು ನೋಡಿದ್ದರೂ ಆ ಹೊತ್ತಿನಲ್ಲಿ ನನಗೆ ಲಕ್ಷ್ಯವಿರುತ್ತಿರಲಿಲ್ಲ. ಒಳಗೆ ಮಾತ್ರೆಯನ್ನು ಮೊದಲಿನ ಪ್ರಮಾಣಕ್ಕೇ ಇಳಿಸಿ, ತಿಂಡಿಯಾದ ಮೇಲೆ ನುಂಗಲು ಹೇಳಿ, ಹೊಸ ಹಾಳೆಯನ್ನು ಅವಳ ಕೈಗೇ ಕೊಟ್ಟಿದ್ದರು. ವಾಪಸು ಬಸ್ಸಿನಲ್ಲಿ ಊರು ಹತ್ತಿರವಾಗುವವರೆಗೂ ಟಿಕೆಟ್ಟನ್ನು ಮಡಚಿ ಬಿಚ್ಚಿ ಮಾಡುತ್ತಿದ್ದೆ. ಕಡೆಗೆ, “ತಪ್ಪಾಯ್ತು ಜಯ” ಎಂದೆ. ಅವಳು ಕಿಟಕಿಯಾಚೆ ನೋಡುತ್ತ, “ಬರ್ಕೊಳ್ಳಿ” ಅಂದಳು.

ಈಗ ಚಾರ್ಟು ಅವಳದು, ಮೆಷಿನ್ನಿನ ಡ್ರಾಯರಿನಲ್ಲಿರುತ್ತದೆ. ಒಂದು ದಿನ ಬರೆಯುತ್ತಾಳೆ, ಎರಡು ದಿನ ಮರೆಯುತ್ತಾಳೆ. ಒಮ್ಮೆ ಹಿಂಬದಿಯಲ್ಲಿ ಯಾರದೋ ರವಿಕೆಯ ಅಳತೆ ಬರೆದುಕೊಂಡಿದ್ದಳು. ಹಾಳೆಯಲ್ಲಿ ಖಾಲಿ ಮನೆ ಕಂಡರೆ ನನ್ನ ಕೈ ತುರಿಸುತ್ತದೆ. ಕೈಯನ್ನು ಜೇಬಿನಲ್ಲಿಟ್ಟುಕೊಂಡು ಆಚೆ ಬರುತ್ತೇನೆ.

ಮೊನ್ನೆ ಹೋದಾಗ ಡಾಕ್ಟರು ಖಾಲಿ ಮನೆಗಳಿಂದ ತೂತು ತೂತಾದಂತಿದ್ದ ಆ ಹಾಳೆಯನ್ನು ನೋಡಿ, ಇಷ್ಟು ಸಾಕು ಎಂದರು. ಜಯ ಮಾತಾಡಿದಳು. ರೇಡಿಯೋಗಳಿಂದ ಶುರುವಾಗಿ ಅಣ್ಣನ ಮಗಳ ಸೀಮಂತಕ್ಕೆ ಹೋಗಿ, ಮತ್ತೆ ನಿದ್ದೆಗೆ ಬಂದು ಮುಗಿಸಿದಳು. ನಾನು ಒಂದು ಮಾತನ್ನೂ ತಿದ್ದಲಿಲ್ಲ. ಇದೇ ಪ್ರಮಾಣ ಮುಂದುವರಿಯಲಿ ಎಂದ ಡಾಕ್ಟರು ನನ್ನತ್ತ ತಿರುಗಿದರು. “ನೀವು ಹೇಗಿದ್ದೀರಿ ಸರ್?”

“ಇವಳು ಈಗ...” ಎಂದು ಶುರುಮಾಡಿದೆ.

“ಅವರಲ್ಲ. ನೀವು.”

ನನ್ನ ಬಗ್ಗೆ ನನ್ನಲ್ಲಿ ಯಾವ ದಾಖಲೆಯೂ ಇರಲಿಲ್ಲ. ಜಯ ನನ್ನನ್ನು ಒಂದು ಗಳಿಗೆ ನೋಡಿ, ಡಾಕ್ಟರಿಗೆ ಹೇಳಿದಳು: “ಪರವಾಗಿಲ್ಲ ಡಾಕ್ಟ್ರೇ, ನಿಧಾನಕ್ಕೆ ಸುಧಾರಿಸ್ತಿದ್ದಾರೆ. ಆದರೆ ಚಿಕಿತ್ಸೆ ಈಗಲೇ ನಿಲ್ಲಿಸೋ ಹಾಗಿಲ್ಲ.”

ಡಾಕ್ಟರು ತಲೆಯಾಡಿಸಿ, ಫೈಲಿನಲ್ಲಿ ಏನೋ ಬರೆದುಕೊಂಡರು. ಯಾವ ಇಂಕಿನಲ್ಲಿ ಎಂದು ನಾನು ಬಗ್ಗಿ ನೋಡಲಿಲ್ಲ.