ಸುರಪುರದಿಂದ ಒಂದೂ ಕಂಪ್ಲೇಂಟ್ ಬರವಲ್ದು

ನಮ್ಮ ಧಂದೆದಾಗ ದಿನಾ ಒಂದಿಲ್ಲೊಂದು ಫಜೀತಿ ಇದ್ದದ್ದೇ. ನಾ ಶಹಾಪುರದ ವಿಮಾ ಏಜೆಂಟ. ಮನ್ಯಾಗ ಏನಾರ ಮಾಡಿ ಆನ್‌ಲೈನಿನಾಗ ಮಾರೋ ಸಣ್ಣ ಅಂಗಡಿಯವ್ರಿಗಿ ಒಂದು ಪಾಲಿಸಿ ಮಾಡಿಸ್ತೀನಿ. ಅವರ ಮಾಲಿನಿಂದ ಗಿರಾಕಿಗಿ ತ್ರಾಸಾಗಿ, ಅಂವ ಪರಿಹಾರ ಕೇಳಿದ್ರ ಕಂಪನಿ ಕೊಡ್ತದ. ಆದ್ರ ಇದನ್ನ ಮಾರ್ಬೇಕಂದ್ರ ಮೊದಲು ಕೆಟ್ಟದ್ದೇ ಮಾತಾಡ್ಬೇಕು. ಮಂದಿ ಬಾಗಲಾಗ ನಿಂತು, "ನಿಮ್ಮ ಚಟ್ನಿ ತಿಂದು ಯಾರೋ ದವಾಖಾನಿ ಸೇರಿದ್ರು ಅನ್ಕೋರಿ" ಅನ್ನೋ ಮನಷ್ಯಾಗ ಯಾರು ಚಾ ಕೊಡ್ತಾರ? ವಯಸ್ಸು ನಲವತ್ತರ ಹತ್ರ ಬಂತು, ಹೆಣ್ಣೂ ಯಾರೂ ಕೊಟ್ಟಿಲ್ಲ.

ಮೊದಲನೇ ಮಾತು

ಸುರಪುರದಾಗ ಒಬ್ಬಾಕಿ ಕೂಸುಗೋಳ ಕುಂಚಿಗಿ ಹೊಲೀತಾಳ. ತಲಿಯಿಂದ ಬೆನ್ನಿನ ತನಕ ಇಳಿಯೋವು, ಅಂಚಿಗಿ ಬಣ್ಣದ ಮಣಿ. ಪುಣೆ, ಹೈದರಾಬಾದಿಗಿ ಪಾರ್ಸಲ್ ಹೋಗ್ತಾವ. ತಮ್ಮಗೋಳನ್ನ ಓದಿಸೋದ್ರಾಗ ತನ್ನ ಮದಿವಿ ಮರತಾಕಿ. ನಾ ಹೋದಾಗ ಬೆಳಕಿಗಿ ಸೂಜಿ ಎತ್ತಿ ಹಿಡಿದು ದಾರ ಪೋಣಸಾಕತ್ತಿದ್ಲು. ನೋಡಿದ ಕೂಡ್ಲೇ ನನ್ನ ಮನಸ್ಸು ಅಲ್ಲೇ ಕುಂತಬಿಡ್ತು. ಚೊಲೋ ಮಾತು ಒಂದಾರ ಆಡ್ಬೇಕಿತ್ತು. ಈ ಬಾಯಿ ಕೇಳ್ಬೇಕಲ್ಲ?

"ಈ ಮಣಿ ಕಳಚಿ ಕೂಸು ನುಂಗ್ತು ಅನ್ಕೋರಿ," ಅಂದೆ.

"ಬಿಡ್ತು ಅನ್ರಿ," ಅಂದ್ಲು.

"ಬಿಡ್ತು," ಅಂದೆ. "ಇಲ್ಲಾ, ಲಾಡಿ ಕೊರಳಿಗಿ ಸುತ್ಕೊಂತು ಅನ್ಕೋರಿ."

ಎದ್ದು ನನ್ನ ಹೊರಗ ಹಾಕಿ ಬಾಗಲಾ ಹಾಕ್ಕೊಂಡ್ಲು. ನನ್ನ ಚೀಲ ಒಳಗೇ ಉಳದಿತ್ತು. ಕೇಳೋ ಧೈರ್ಯ ಆಗ್ಲಿಲ್ಲ. ಸ್ವಲ್ಪ ಹೊತ್ತಿಗಿ ಕಿಟಕ್ಯಾಗಿಂದ ತಾನೇ ಕೊಟ್ಲು.

ಕೂಸು ಆರಾಮ ಅದೇನ್ರಿ?

ಕೆಲವು ದಿನಕ್ಕ ಆಕೀದೇ ಫೋನ್ ಬಂತು.

"ನಿಮ್ಮ ಮಾತು ಕೇಳಿದಾಗಿಂದ ನಿದ್ದಿ ಇಲ್ರಿ. ದಿನಾ ಎಲ್ಲಾ ಗಿರಾಕಿಗೋಳಿಗಿ ಫೋನ್ ಹಚ್ಚಿ, ಕೂಸು ಆರಾಮ ಅದೇನ್ರಿ ಅಂತ ಕೇಳಾಕತ್ತೇನಿ. ಪುಣೆದಾಕಿ ಹೆದರಿ ಕೂಸಿನ್ನ ಡಾಕ್ಟರ್ ಕಡಿ ಒಯ್ದಾಳ."

"ಕೂಸಿಗಿ ಏನಾಗಿತ್ರಿ?"

"ಏನೂ ಆಗಿಲ್ಲ. ಡಾಕ್ಟರಮ್ಮ ತನ್ನ ಮೊಮ್ಮಗಳಿಗಿ ಎರಡು ಕುಂಚಿಗಿ ಬೇಕಂದಾಳ."

ಹಂಗೂ ಆಕಿ ಪಾಲಿಸಿ ಮಾಡಿಸಿದ್ಲು.

ಹಲ್ಲು

ಅಲ್ಲಿಂದ ಫೋನ್ ಬಡಕೊಂಡಾಗೆಲ್ಲ ಸುರಪುರದ್ದೇ ಇರಲಿ ಅಂತ ಓಡ್ತಿದ್ದೆ. ಇರ್ತಿದ್ದಿಲ್ಲ. ಒಂದಿನ ಗುರುಮಠಕಲ್‌ದ ಉಪ್ಪಿನಕಾಯಿಯವ್ರು. ಅವರ ಮಾವಿನ ವಾಟಿ ಕಡದು ಗಿರಾಕಿ ಒಬ್ಬನ ಹಲ್ಲು ಮುರದಿತ್ತು. ಕಂಪನಿಗಿ ಕೇಳದ ತಪ್ಪು ಒಪ್ಕೋಬಾರ್ದು ಅನ್ನೋದು ಪಾಲಿಸಿ ಶರ್ತ.

"ಒಪ್ಕೊಂಡಿಲ್ಲ ಹೌದಿಲ್ರಿ?" ಅಂದೆ.

"ಛೇ, ನಾ ಯಾಕ ಒಪ್ಕೋಲಿ? ನಿನ್ನ ಹಲ್ಲೇ ಖರಾಬ್ ಅದ, ನಿಮ್ಮ ಮನಿತನದಾಗ ಎಲ್ಲಾರ್ದೂ ಖರಾಬ್ ಅದ ಅಂದೆ. ಈಗ ಎರಡು ನೋಟೀಸ್ ಕಳಸ್ಯಾನ್ರಿ. ಹಲ್ಲಿಂದೊಂದು, ಮಾನದ್ದೊಂದು."

ದಂಡ ಆದ ವರ್ಷ

ಯಾದಗಿರಿದಾಗ ಖಡಕ್ ರೊಟ್ಟಿ ಮಾರೋ ಕಾಕಾ ಒಬ್ಬಾಂವ ಅದಾನ. ವರ್ಷ ಮುಗಿದ ದಿನ ನನ್ನ ಮ್ಯಾಲ ಸಿಟ್ಟಿಗೆದ್ದ.

"ವರ್ಷಪೂರ್ತಿ ರೊಟ್ಟಿ ಕಳಸೀನಿ, ಒಬ್ಬನ ಹೊಟ್ಟೀನಾರ ಕಡೀಬೇಕೋ ಬ್ಯಾಡೋ? ರೊಕ್ಕಾ ದಂಡ ಆತಲ್ಲೋ."

ಬಿದ್ದು ಬಿದ್ದು ನಕ್ಕೆ. ಮನಿಗಿ ಬಂದ ಮ್ಯಾಲ ನಗು ನಿಂತಿತು. ನನ್ನ ಆಸಿನೂ ಅಂಥದ್ದೇ ಇತ್ತು. ಸುರಪುರದಿಂದ ಒಂದು ಕಂಪ್ಲೇಂಟ್ ಬಂದ್ರ ಆಕಿ ಕರೀತಾಳ, ನಾ ಹೋಗ್ತೀನಿ. ಖರೇ ಕಂಪ್ಲೇಂಟ್ ಬರ್ಬೇಕಂದ್ರ ಯಾವುದೋ ಕೂಸಿಗಿ ಏನೋ ಆಗ್ಬೇಕು. ಹಂಗಾಗ್ಲಿ ಅಂತ ಯಾವ ದೇವ್ರಿಗಿ ಬೇಡ್ಕೋಬೇಕು? ಆಕೀನ್ನ ನೋಡೋ ಆಸಿಯನ್ನೂ ಹೊಟ್ಟಿತುಂಬ ಪಡಂಗಿದ್ದಿಲ್ಲ. ವರ್ಷಕ್ಕೊಮ್ಮೆ ರಿನ್ಯೂ ಮಾಡಿಸಾಕ ಹೋಗೋದು, ಒಂದು ಕಪ್ ಚಾ ಕುಡದು ಬರೋದು. ಬೋನಾಳ ಕೆರಿಗಿ ಬರೋ ಹಕ್ಕಿಗೋಳಾರ ಚಳಿ ಮುಗಿಯೋ ತನಕ ಇರ್ತಾವ. ನಂದು ಚಾ ಮುಗಿಯೋ ತನಕ ಅಷ್ಟೇ. ಅದಕ್ಕ ಆರಿಸಿ ಆರಿಸಿ ಕುಡೀತಿದ್ದೆ.

ಈ ವರ್ಷದ ಚಾ

ಈ ಸಲ ಆಕಿ ಚಾ ಕೊಟ್ಟು ಎದುರಿಗೇ ಕುಂತ್ಲು.

"ಈ ವರ್ಷನೂ ಕಂಪ್ಲೇಂಟ್ ಇಲ್ಲೇನ್ರಿ?" ಅಂದೆ.

"ಇಲ್ರಿ. ನಾನೂ ದಾರಿ ಕಾದೆ. ಒಂದು ಬಂದಿದ್ರ ನಿಮ್ಮನ್ನ ಕರೀತಿದ್ದೆ." ತಲಿ ಕೆಳಗ ಹಾಕಿದ್ಲು. "ಹೋದ ತಿಂಗಳ ಒಂದು ಮಣಿ ಬೇಕಂತನೇ ಸಡ್ಲ ಹೊಲದೆ. ಯಾರದೋ ಕೂಸು, ಮನಸ್ಸು ತಡೀಲಿಲ್ಲ. ಬಿಚ್ಚಿ, ಗಟ್ಟಿ ಹೊಲದು ಕಳಸಿದೆ."

ಇಷ್ಟು ವರ್ಷ ನಾ ಒಬ್ಬನೇ ಹಂಬಲಿಸಾಕತ್ತೇನಿ ಅಂತ ತಿಳಕೊಂಡಿದ್ದೆ. ಈಗಾರ ಮನಸ್ಸಿನಾಗಿಂದು ಹೇಳ್ಬೇಕಂತ ಬಾಯಿ ತೆರದೆ.

"ಬೇಕಂತ ಸಡ್ಲ ಹೊಲದ್ರ ಕ್ಲೇಮ್ ಸಿಗಂಗಿಲ್ರಿ," ಅಂದೆ.

ಆಕಿ ಕಪ್ ಎತ್ಕೊಂಡು ಒಳಗ ಹೋದ್ಲು. ಮುಗೀತು ಅಂತ ನಾ ಚೀಲ ಹೆಗಲಿಗಿ ಹಾಕ್ಕೊಂಡು ಹೊಂಟೆ. ಹೊಸ್ತಿಲ ದಾಟೋದ್ರಾಗ ಒಳಗಿಂದ ಆಕೀ ದನಿ ಬಂತು.

"ಆಯಿತವಾರ ನಿಮ್ಮ ಅವ್ವಾರನ್ನ ಮಾತಾಡಾಕ ಕರಕೊಂಡು ಬರ್ರಿ. ನೀವೂ ಬರ್ರಿ. ಆದ್ರ ಅವತ್ತೊಂದಿನ ಬಾಯಿ ಬಿಡಬ್ಯಾಡ್ರಿ."