ದೊಡ್ಡ ಗಾಡಿ ಹತ್ತಿ ಇಳಿದವರು

ಕಾರು ಮಾರುವ ಜಾಗದಲ್ಲಿ ಕೆಲಸ ಮಾಡುವವನು ನಗುವುದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ಬಾಗಿಲು ತೆಗೆದು ಹಿಡಿದರೆ ಸಾಕು, ಯಾರೋ ಒಬ್ಬರು ಹತ್ತಿ ಕೂತು, ಏನೋ ಒಂದು ಮಾತು ಬಿಟ್ಟು ಇಳಿದು ಹೋಗಿರುತ್ತಾರೆ.

ನಾನು ಬನ್ನಿಮಂಟಪದ ಕಡೆಯ ಒಂದು ಶೋರೂಮಿನಲ್ಲಿ ಟೆಸ್ಟ್ ಡ್ರೈವ್ ಮಾಡಿಸುವ ಡ್ರೈವರ್. ಕೊಳ್ಳುವ ಮನಸ್ಸಿರುವವರನ್ನೂ, ಕೊಳ್ಳುವ ಮನಸ್ಸಿದೆ ಎಂದು ಹೇಳಿಕೊಳ್ಳುವವರನ್ನೂ ಹೊಸ ಕಾರಿನಲ್ಲಿ ಕೂರಿಸಿಕೊಂಡು ಒಂದು ಸುತ್ತು ಹಾಕಿಸಿ ವಾಪಸ್ ತರುವುದು ನನ್ನ ಕೆಲಸ. ಹದಿನೆಂಟು ವರ್ಷವಾಯಿತು. ಮನೆಗೆ ಹೋಗುವುದು ಸ್ಕೂಟರಿನಲ್ಲಿ.

ಹೋದ ವರ್ಷ ನಮ್ಮಲ್ಲಿಗೆ ಒಂದು ದೊಡ್ಡ ಗಾಡಿ ಬಂತು. ಮೂರು ಸಾಲು ಸೀಟು. ಬೆಟ್ಟ ಹತ್ತುತ್ತದೆ, ಹಳ್ಳ ದಾಟುತ್ತದೆ, ಒಳಗೆ ಮಾತ್ರ ಮದುವೆ ಮನೆಯ ಸೋಫಾದಲ್ಲಿ ಕೂತ ಹಾಗೆ. ನಾಲ್ಕು ತಿಂಗಳು ನಮ್ಮ ಜೊತೆ ಇತ್ತು. ಅಷ್ಟು ದಿನವೂ ಸಾಯಂಕಾಲ ನಾನು ಮನೆಗೆ ಹೋದ ಕೂಡಲೇ ನನ್ನ ಹೆಂಡತಿ ಕೇಳುತ್ತಿದ್ದದ್ದು ಒಂದೇ ಮಾತು: "ಇವತ್ತು ಯಾರು ಕೂತಿದ್ರು?" ನಾನು ಹೇಳುತ್ತಿದ್ದೆ, ಅವಳು ಸೊಪ್ಪು ಬಿಡಿಸುತ್ತಾ ಕೇಳುತ್ತಿದ್ದಳು. ಹಾಗೆ ಅವಳಿಗೆ ಹೇಳಿದ್ದರಲ್ಲಿ ಕೆಲವು ಇಲ್ಲಿವೆ.

ಮೆಟ್ಟಿಲು

ಗಾಡಿ ಬಂದ ದಿನ ಮ್ಯಾನೇಜರ್ ನಮಗೆಲ್ಲ ಪಾಠ ಮಾಡಿದರು. ಒಂದು ಗುಂಡಿ ಒತ್ತಿದರೆ ಗಾಡಿ ತಾನಾಗಿ ಕೆಳಕ್ಕೆ ಬಗ್ಗುತ್ತದೆ. ಬಾಗಿಲು ತೆಗೆದರೆ ಕೆಳಗಿನಿಂದ ಮೆಟ್ಟಿಲು ಹೊರಗೆ ಬರುತ್ತದೆ, ಹಾಕಿದರೆ ಒಳಗೆ ಹೋಗುತ್ತದೆ.

ನಮ್ಮ ಶೋರೂಮಿನಲ್ಲಿ ಕಸ ಗುಡಿಸುವ ಅವ್ವ ಒಬ್ಬರಿದ್ದಾರೆ. ಪೊರಕೆ ಹಿಡಿದುಕೊಂಡೇ ನಿಂತು ನೋಡಿದರು.

"ಇದ್ಯಾಕ್ ಸಾ, ಇಂಗೆ ಬಗ್ತದೆ?"

"ಹತ್ತೋರಿಗೆ ಸುಲಭ ಆಗ್ಲಿ ಅಂತ ಕಣವ್ವ."

"ನಮ್ಮನೆಯೋರು ನಲವತ್ತು ವರ್ಷದಲ್ಲಿ ಒಂದ್ ದಿನಾನೂ ನಂಗೋಸ್ಕರ ಬಗ್ಲಿಲ್ಲ ಬುಡಿ" ಎಂದರು.

ಮ್ಯಾನೇಜರ್ ಒಳ್ಳೆಯವರು. "ಹತ್ತಮ್ಮ, ನೀನೇ ಮೊದಲು ಕೂತ್ಕೋ" ಎಂದರು. ಅವ್ವ ಚಪ್ಪಲಿ ಬಿಟ್ಟು ಹತ್ತಿ, ಸೀಟಿನ ತುದಿಯಲ್ಲಿ ಕೈ ಊರಿ ಕೂತರು. ಅಂಗಳದಲ್ಲೇ ಒಂದು ಸುತ್ತು ಹಾಕಿಸಿದೆ. ಇನ್ನೊಂದು ಕಡೆಯ ಬಾಗಿಲಿಂದ ಇಳಿದು ಬಂದು ನೋಡಿದರೆ ಚಪ್ಪಲಿ ಇಲ್ಲ. ಕಾರಿನ ಕೆಳಗೆ, ಗೇಟಿನ ಹತ್ತಿರ, ಹೂಕುಂಡಗಳ ಹಿಂದೆ ಎಲ್ಲ ಕಡೆ ಹುಡುಕಿದೆವು. ಅವ್ವ ಬರಿಗಾಲಲ್ಲೇ ಕೆಲಸಕ್ಕೆ ಹೋದರು.

ಮಧ್ಯಾಹ್ನ ಮೊದಲ ಗಿರಾಕಿ ಬಂದರು, ರೇಷ್ಮೆ ಸೀರೆ ಅಂಗಡಿಯ ಯಜಮಾನರು. ಮ್ಯಾನೇಜರ್ ಬಹಳ ಮರ್ಯಾದೆಯಿಂದ ಬಾಗಿಲು ತೆಗೆದರು. ಗಾಡಿ ಬಗ್ಗಿತು. ಮೆಟ್ಟಿಲು ನಿಧಾನವಾಗಿ ಹೊರಗೆ ಬಂತು. ಅದರ ಮೇಲೆ ಒಂದು ಜೊತೆ ನೀಲಿ ಹವಾಯಿ ಚಪ್ಪಲಿ.

ಯಜಮಾನರು ಕೆಳಗೆ ನೋಡಿದರು, ಆಮೇಲೆ ನಮ್ಮನ್ನು ನೋಡಿದರು. "ಇದೂ ಕಂಪನಿಯೋರೇ ಕೊಡ್ತಾರಾ?" ಎಂದರು.

ಅಜ್ಜಿಯ ಅಭಿಪ್ರಾಯ

ಬೋಗಾದಿಯಿಂದ ಒಂದು ಕುಟುಂಬ ಬಂತು. ಹಿಂದೆ ಬೇಸಾಯದವರು. ಹೊಲವೆಲ್ಲ ಲೇಔಟ್ ಆದ ಮೇಲೆ ಸಿಮೆಂಟ್ ಅಂಗಡಿ ಇಟ್ಟಿದ್ದರು. ಗಂಡ, ಹೆಂಡತಿ, ಎರಡು ಮಕ್ಕಳು, ಜೊತೆಗೆ ಎಂಬತ್ತು ದಾಟಿದ ಅಜ್ಜಿ, ಅಂದರೆ ಯಜಮಾನರ ತಾಯಿ. ಅವರನ್ನು ಕಿಟಕಿ ಪಕ್ಕ ಕೂರಿಸಿ, ಅವರ ಬಡಾವಣೆಯ ಕಡೆಗೇ ಹೋದೆ.

ಆ ಗಾಡಿಯ ಎತ್ತರಕ್ಕೆ ಕಾಂಪೌಂಡ್ ಗೋಡೆಯ ಆಚೆಗಿರುವುದೆಲ್ಲ ಕಾಣುತ್ತದೆ. ಸ್ವಲ್ಪ ದೂರ ಹೋಗುತ್ತಿದ್ದ ಹಾಗೆ ಅಜ್ಜಿ ನನ್ನ ಭುಜ ತಟ್ಟಿದರು.

"ನಿಲ್ಸಪ್ಪ ಸ್ವಲ್ಪ."

ನಿಲ್ಲಿಸಿದೆ. ಯಾರದೋ ಮನೆಯ ಹಿತ್ತಲಲ್ಲಿ ಒಂದು ಹುಣಸೆ ಮರ ಇತ್ತು.

"ನಮ್ಮ ಮರ ಕಣೋ, ಇನ್ನೂ ಐತೆ" ಎಂದು ಮಗನಿಗೆ ತೋರಿಸಿದರು. "ಗೋಡೆ ಎದ್ದ ಮೇಲೆ ನಂಗೆ ಕಾಣಿಸ್ತಾನೇ ಇರ್ಲಿಲ್ಲ. ಕಡಿದಾಕ್ಬುಟ್ರು ಅನ್ಕೊಂಡಿದ್ದೆ."

ಮಕ್ಕಳೂ ಕಿಟಕಿಗೆ ಮುಖ ಒತ್ತಿ ಮರ ನೋಡಿದವು. ಅಜ್ಜಿ ಇನ್ನೊಂದು ಕಡೆ ನಿಲ್ಲಿಸಿ ಬಾವಿ ಇದ್ದ ಜಾಗ ತೋರಿಸಿದರು. ಮೂರನೆಯ ಕಡೆ ಕಿಟಕಿ ಇಳಿಸಲು ಹೇಳಿದರು. ಅಲ್ಲಿ ಕನ್ನಡಕದವರೊಬ್ಬರು ಪೈಪು ಹಿಡಿದು ಗುಲಾಬಿ ಗಿಡಗಳಿಗೆ ನೀರು ಬಿಡುತ್ತಿದ್ದರು. ಅಜ್ಜಿ ಗೋಡೆಯ ಮೇಲಿಂದ ಅವರನ್ನು ಮಾತಾಡಿಸಿಯೇ ಬಿಟ್ಟರು.

"ಏನಪ್ಪ, ಇದು ಅವರೆ ಬೆಳೆಯೋ ಮಣ್ಣು. ಇದ್ರಲ್ಲಿ ಗುಲಾಬಿ ಹಾಕೋಕೆ ನಿಂಗೆ ಯಾರು ಹೇಳಿದ್ರು?"

ಅವರು ಪೈಪು ಹಿಡಿದುಕೊಂಡೇ ನಿಂತರು. ನೀರೆಲ್ಲ ಅವರ ಕಾಲಿನ ಮೇಲೆ ಹೋಗುತ್ತಿತ್ತು.

ಶೋರೂಮಿಗೆ ಬಂದು ಇಳಿದಾಗ ಮ್ಯಾನೇಜರ್ ಕೇಳಿದರು, "ಗಾಡಿ ಹೇಗನ್ನಿಸ್ತು ಸಾರ್?"

"ತುಂಬಾ ಚೆನ್ನಾಗಿದೆ" ಎಂದರು ಯಜಮಾನರು. "ಆದ್ರೆ ನಮಗೆ ಬೇಡ ಬಿಡಿ. ಇದ್ರಲ್ಲಿ ದಿನಾ ಓಡಾಡ್ಸಿದ್ರೆ ನಮ್ಮವ್ವ ಲೇಔಟ್ ಪೂರ್ತಿ ವಾಪಸ್ ಕೇಳ್ತಾಳೆ."

ಮೇಷ್ಟ್ರ ನೋಟ್‌ಬುಕ್ಕು

ನಿವೃತ್ತ ಹೆಡ್‌ಮೇಷ್ಟ್ರು ಒಬ್ಬರು ಮೂರು ಶನಿವಾರ ಸತತವಾಗಿ ಬಂದರು. ಕೈಯಲ್ಲಿ ಉದ್ದ ನೋಟ್‌ಬುಕ್ಕು. ಆ ಗಾಡಿಯ ಬಗ್ಗೆ ಫೋನಿನ ವಿಡಿಯೋಗಳಲ್ಲಿ ಯಾರ್ಯಾರು ಏನೇನು ಹೇಳಿದ್ದಾರೋ ಎಲ್ಲವನ್ನೂ ಬರೆದುಕೊಂಡಿದ್ದರು.

"ಒಬ್ಬರು ಹಿಂದಿನ ಸೀಟು ಗಟ್ಟಿ ಅಂತಾರೆ, ಇನ್ನೊಬ್ಬರು ಮೆತ್ತಗೆ ಅಂತಾರೆ. ನಿಮ್ಮ ಅಭಿಪ್ರಾಯ ಏನ್ರೀ?"

"ನಾನು ಹಿಂದಿನ ಸೀಟಲ್ಲಿ ಕೂತೇ ಇಲ್ಲ ಸಾರ್" ಎಂದೆ.

ಅವರು ಅದನ್ನೂ ಬರೆದುಕೊಂಡರು. ಓರೆಗಣ್ಣಲ್ಲಿ ಓದಿದೆ. 'ಚಾಲಕರು: ಹಿಂದಿನ ಸೀಟಿನ ಅನುಭವವಿಲ್ಲ' ಎಂದಿತ್ತು.

ನಾಲ್ಕನೇ ಶನಿವಾರ ಗಾಡಿ ಅವರ ಮನೆಯಲ್ಲಿ ನಿಲ್ಲುತ್ತದೆಯೋ ಇಲ್ಲವೋ ನೋಡಬೇಕು ಎಂದರು. ಸರಸ್ವತಿಪುರಂನಲ್ಲಿ ಹಳೆಯ ಕಾಲದ ಪುಟ್ಟ ಮನೆ. ಮೇಡಂ, ಅಂದರೆ ಮೇಷ್ಟ್ರ ಹೆಂಡತಿ, ಗೇಟು ಪೂರ್ತಿ ತೆಗೆದು ಪಕ್ಕಕ್ಕೆ ನಿಂತರು. ಕನ್ನಡಿ ಮಡಚಿ, ಉಸಿರು ಬಿಗಿಹಿಡಿದು ಗಾಡಿಯನ್ನು ಒಳಗೆ ತಂದೆ. ಆ ಕಡೆ ಮನೆಯ ಗೋಡೆ, ಈ ಕಡೆ ಕಾಂಪೌಂಡು. ಎರಡೂ ಕಡೆ ನಾಲ್ಕು ಬೆರಳು ಜಾಗ. ಎಲ್ಲೂ ತಗುಲಲಿಲ್ಲ. ಎಂಜಿನ್ ಆರಿಸಿದೆ.

ಮೇಷ್ಟ್ರಿಗೆ ಹಿಡಿಸಲಾರದಷ್ಟು ಸಂತೋಷ. ಕಿಟಕಿ ಇಳಿಸಿ, "ಬಂತು ನೋಡೇ ಒಳಗೆ" ಎಂದರು.

"ಗಾಡಿ ಬಂತು. ನೀವು ಯಾವಾಗ ಬರ್ತೀರ?" ಎಂದರು ಮೇಡಂ.

ಆಗ ನಾವು ಬಾಗಿಲು ತೆಗೆಯಲು ನೋಡಿದೆವು. ಯಾವ ಬಾಗಿಲೂ ತೆರೆಯುವಂತಿರಲಿಲ್ಲ. ಮೇಡಂ ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದು, ಆ ನಾಲ್ಕು ಬೆರಳಿನ ಸಂದಿಯಲ್ಲಿ ಎರಡು ಲೋಟ ಒಂದೊಂದಾಗಿ ದಾಟಿಸಿದರು. ಮೇಷ್ಟ್ರು ಕಾಫಿ ಕುಡಿಯುತ್ತಾ ಒಳಗಿನ ಚರ್ಮದ ಹೊಲಿಗೆಯನ್ನು ಒಂದು ಸಲ ಸವರಿದರು. ಆಮೇಲೆ ನೋಟ್‌ಬುಕ್ಕಿನ ಕೊನೇ ಪುಟ ತೆಗೆದು ಬರೆದರು: 'ಗಾಡಿಯಲ್ಲಿ ದೋಷವಿಲ್ಲ. ಮನೆ ಸಣ್ಣದು.'

ಹಸು

ಕಲ್ಯಾಣ ಮಂಟಪದ ಮಾಲೀಕರೊಬ್ಬರಿಗೆ ನಮ್ಮ ರಿಂಗ್ ರೋಡಿನ ಸುತ್ತು ಹಿಡಿಸಲಿಲ್ಲ. "ಗಾಡಿಯ ಬಣ್ಣದ ಪುಸ್ತಕದಲ್ಲಿ ಬೆಟ್ಟ, ಮರಳುಗಾಡು, ಬಂಡೆ ಎಲ್ಲಾ ಹಾಕಿದ್ದೀರ. ನೀವು ನೋಡಿದ್ರೆ ಟಾರ್ ರಸ್ತೇಲಿ ಓಡಿಸ್ತೀರ" ಎಂದರು. ಅವರೇ ದಾರಿ ತೋರಿಸಿ, ಒಳಚರಂಡಿಗೆಂದು ಅಗೆದು ಬಿಟ್ಟಿದ್ದ ಒಂದು ಬಡಾವಣೆಗೆ ಕರೆದುಕೊಂಡು ಹೋದರು.

ಗಾಡಿಯ ಯೋಗ್ಯತೆ ಅಲ್ಲಿ ಗೊತ್ತಾಯಿತು. ಗುಂಡಿ, ಮಣ್ಣುಗುಡ್ಡೆ, ಒಡೆದ ಪೈಪು, ಎಲ್ಲವನ್ನೂ ದಾಟಿತು. ಮಾಲೀಕರ ಕೈಯಲ್ಲಿದ್ದ ನೀರಿನ ಬಾಟಲಿ ಕೂಡ ಅಲುಗಲಿಲ್ಲ. ಕೊನೆಯ ತಿರುವಿನಲ್ಲಿ ರಸ್ತೆಯ ನಡುವೆ ಒಂದು ಹಸು ಮಲಗಿ ಮೆಲುಕು ಹಾಕುತ್ತಿತ್ತು. ಗಾಡಿ ಕುಂಯ್ ಕುಂಯ್ ಎಂದು ತಾನೇ ನಿಂತಿತು. ಪರದೆಯ ಮೇಲೆ ಹಸು ಮುಂದಿನಿಂದ, ಪಕ್ಕದಿಂದ, ಮೇಲಿನಿಂದ ಕಾಣಿಸಿತು.

"ನಮಗೆ ಹಸು ಎಲ್ಲಾ ಕಡೆಯಿಂದಾನೂ ಕಾಣಿಸ್ತಿದೆ. ಹಸುಗೆ ಮಾತ್ರ ನಾವು ಕಾಣಿಸ್ತಿಲ್ಲ" ಎಂದರು ಮಾಲೀಕರು.

ಹಾರ್ನ್ ಮಾಡಿದೆ. ಶ್ರೀಮಂತರ ಗಾಡಿ, ಹಾರ್ನ್ ಕೂಡ ನಯವಾಗಿತ್ತು. ಹಸು ಕಣ್ಣು ಮುಚ್ಚಿಕೊಂಡಿತು. ಇದು ಮಾತು ಕೇಳುವ ಗಾಡಿ ಎಂದು ಮಾಲೀಕರಿಗೆ ಯಾರೋ ಹೇಳಿದ್ದರು. ಪರದೆಯ ಹತ್ತಿರ ಬಗ್ಗಿ, "ಹಸು ಎಬ್ಬಿಸು" ಎಂದರು. ಗಾಡಿ ಎಸಿ ಜೋರು ಮಾಡಿತು.

ಅಷ್ಟರಲ್ಲಿ ತಲೆಯ ಮೇಲೆ ಸೌದೆ ಹೊರೆ ಹೊತ್ತ ಒಬ್ಬ ಹೆಂಗಸು ಬಂದರು. ಹಸುವಿನ ಬೆನ್ನಿಗೆ ಒಂದು ತಟ್ಟಿ, "ಏಳೇ, ದೊಡ್ಡೋರು ಬಂದವ್ರೆ" ಎಂದರು. ಹಸು ಎದ್ದು ಪಕ್ಕಕ್ಕೆ ಹೋಯಿತು.

ಮಾಲೀಕರು ಹಿಂದಕ್ಕೆ ಒರಗಿ ಕೂತರು. "ಈ ಯಮ್ಮನ್ನೂ ಸೇರ್ಸಿ ಕೊಡೋದಾದ್ರೆ ಇವತ್ತೇ ಬುಕ್ ಮಾಡ್ತೀನಿ" ಎಂದರು.

ಕುಂಬಾರಕೊಪ್ಪಲಿಗೆ ಬಂದ ಮೇಡಂ

ನಾಲ್ಕು ತಿಂಗಳಾದ ಮೇಲೆ ಆ ಗಾಡಿಯನ್ನು ಬೇರೆ ಊರಿನ ಶೋರೂಮಿಗೆ ಕಳಿಸಬೇಕಾಯಿತು. ಹಿಂದಿನ ದಿನ ಮ್ಯಾನೇಜರ್ ನನ್ನನ್ನು ಕರೆದು, "ನಾಲ್ಕರಿಂದ ಐದು ಗಂಟೆ ತನಕ ನಿಮ್ಮ ಮನೆಯವರನ್ನ ಒಂದು ರೌಂಡ್ ಕರ್ಕೊಂಡು ಹೋಗಿ ಬನ್ನಿ. ಟೆಸ್ಟ್ ಡ್ರೈವ್ ಅಂತ ಬರ್ಕೋತೀನಿ" ಎಂದರು.

ಹೆಂಡತಿಗೆ ಫೋನ್ ಮಾಡಿದೆ. "ಮನೆ ಹತ್ರ ಬರ್ಬೇಡಿ, ಬಸ್ ಸ್ಟಾಪ್ ಹತ್ರ ನಿಂತಿರ್ತೀನಿ" ಎಂದಳು. "ನಾನು ಹತ್ತೋದನ್ನ ಜನ ನೋಡೋದು ಬೇಡ. ಕೂತ್ಕೊಂಡು ಬರೋದನ್ನ ನೋಡ್ಲಿ."

ಹೋಗಿ ನೋಡಿದರೆ ನಮ್ಮ ಮದುವೆಯ ರೇಷ್ಮೆ ಸೀರೆ, ಮುಡಿ ತುಂಬ ಮಲ್ಲಿಗೆ, ಯಾವಾಗಲೋ ಕೊಂಡು ಒಂದು ದಿನವೂ ಹಾಕದೆ ಇಟ್ಟಿದ್ದ ಕೂಲಿಂಗ್ ಗ್ಲಾಸು. ನಾನು ಮುಂದಿನ ಬಾಗಿಲು ತೆಗೆದೆ. ಅವಳು ಹಿಂದಿನ ಬಾಗಿಲ ಹತ್ತಿರ ಹೋಗಿ ನಿಂತಳು.

"ಕೂತೋರೆಲ್ಲ ಹಿಂದೇನೇ ಕೂತಿದ್ರು ಅಂತ ನೀವೇ ಹೇಳ್ತಿದ್ರಲ್ಲ" ಎಂದಳು.

ಹತ್ತಿ ಕೂತು ಸೀಟಿನ ಮೇಲೆ ಅಂಗೈ ಇಟ್ಟಳು. ಬನ್ನಿಮಂಟಪದ ಮೈದಾನದ ಸುತ್ತ ನಿಧಾನವಾಗಿ ಓಡಿಸಿದೆ. ಕನ್ನಡಿಯಲ್ಲಿ ನೋಡಿದರೆ ಕಿಟಕಿಯ ಆಚೆ ನೋಡುತ್ತಾ ಕೂತಿದ್ದಳು. ಇನ್ನೂ ಅರ್ಧ ಗಂಟೆ ಉಳಿದಿತ್ತು.

"ಎಲ್ಲಿಗೆ ಹೋಗೋಣ ಮೇಡಂ?" ಎಂದೆ, ಎಲ್ಲರನ್ನೂ ಕೇಳುವ ಹಾಗೆ.

"ನಮ್ಮ ಬೀದಿಗೆ" ಎಂದಳು.

ಕುಂಬಾರಕೊಪ್ಪಲಿನ ನಮ್ಮ ಬೀದಿಗೆ ಅಂಥ ಗಾಡಿ ಅದುವರೆಗೆ ಬಂದಿರಲಿಲ್ಲ. ತರಕಾರಿಯವಳು ಬುಟ್ಟಿ ಒಳಕ್ಕೆ ಎಳೆದುಕೊಂಡಳು. ಜಗಲಿಯ ಮೇಲೆ ಕೂತಿದ್ದವರು ಎದ್ದು ನಿಂತರು. ಯಾರೋ ಅಧಿಕಾರಿ ರಸ್ತೆ ನೋಡಲು ಬಂದಿದ್ದಾರೆ ಎಂದು ಸುದ್ದಿಯಾಯಿತು. ಹಿಂದಿನ ಗಾಜು ಸ್ವಲ್ಪ ಕಪ್ಪು, ಒಳಗಿರುವವರು ಹೊರಗಿನಿಂದ ಸರಿಯಾಗಿ ಕಾಣುವುದಿಲ್ಲ. ಅವಳು ಯಾರಿಗೆ ಕಾಣಿಸಲೆಂದು ಬಂದಳೋ ಅವರಿಗೆಲ್ಲ ಬರೀ ಗಾಜು ಕಂಡಿತು.

ಅಷ್ಟರಲ್ಲಿ ಹಿಟ್ಟಿನ ಮಿಲ್ಲಿನವನು ಕೈಯ ಹಿಟ್ಟು ಕೊಡವಿಕೊಂಡು ಓಡಿ ಬಂದು ಗಾಡಿಗೆ ಅಡ್ಡ ನಿಂತ. ನನ್ನ ಹೆಂಡತಿ ವಾರಕ್ಕೆರಡು ಸಲ ರಾಗಿ ಬೀಸಿಸಲು ಹೋಗುವುದು ಇವನ ಹತ್ತಿರವೇ. ಗಾಜು ತಟ್ಟಿದ. ಅವಳು ಗಾಜು ಇಳಿಸಿದಳು. ಕೂಲಿಂಗ್ ಗ್ಲಾಸು ಕಣ್ಣಿನ ಮೇಲೆ ಹಾಗೇ ಇತ್ತು.

"ನಮಸ್ಕಾರ ಮೇಡಂ. ಮೂಲೇಲಿ ಚರಂಡಿ ಚಪ್ಪಡಿ ಮುರಿದು ಆರು ತಿಂಗಳಾಯ್ತು. ವಯಸ್ಸಾದೋರು ಬೀಳ್ತಾವ್ರೆ. ಬೀದಿಯೋರೆಲ್ಲ ಸಹಿ ಹಾಕಿದ್ದೀವಿ. ದಯವಿಟ್ಟು ನೋಡ್ಬೇಕು" ಎಂದು ಮಡಚಿದ ಅರ್ಜಿ ಮುಂದೆ ಹಿಡಿದ.

ಅವಳು ಅರ್ಜಿ ಬಿಡಿಸಿದಳು. ಮೇಲಿನಿಂದ ಮೂರನೆಯ ಸಹಿ ಅವಳದೇ.

ನಾನು ಟೋಪಿ ಕೆಳಕ್ಕೆ ಎಳೆದುಕೊಂಡು ಕೂತಿದ್ದೆ. ಅದರ ಅಗತ್ಯ ಇರಲಿಲ್ಲ. ಡ್ರೈವರ್ ಮುಖವನ್ನು ಯಾರೂ ನೋಡುವುದಿಲ್ಲ.

"ಆಯ್ತು. ನೋಡ್ತೀನಿ" ಎಂದಳು ನನ್ನ ಹೆಂಡತಿ. ಗಾಜು ಮೇಲೇರಿತು.

"ಹೇಳ್ಬಾರ್ದಿತ್ತಾ, ನೀನೇ ಅಂತ?" ಎಂದು ಬಸ್ ಸ್ಟಾಪಿನ ಹತ್ತಿರ ಇಳಿಸುವಾಗ ಕೇಳಿದೆ.

"ಹೇಳೋಣ ಅಂತಾನೇ ಗಾಜು ಇಳಿಸ್ದೆ ಕಣ್ರೀ. ಅವನು ಅಷ್ಟು ಮರ್ಯಾದೆಯಾಗಿ ಮಾತಾಡ್ಸಿದ. ಆಮೇಲೆ ಹೇಳಕ್ಕೆ ಮನಸ್ಸು ಬರ್ಲಿಲ್ಲ" ಎಂದಳು. ಸೀರೆಯ ನೆರಿಗೆ ಸರಿಮಾಡಿಕೊಂಡು, ಒಂದು ಸಲ ಗಾಡಿ ನೋಡಿ, ನಡೆದುಕೊಂಡು ಮನೆಗೆ ಹೋದಳು. ಮರುದಿನ ಬೆಳಗ್ಗೆ ಗಾಡಿ ಊರು ಬಿಟ್ಟಿತು.

ಅದೇ ಬೆಳಗ್ಗೆ ಅವಳು ನೈಟಿಯ ಮೇಲೊಂದು ಟವೆಲ್ ಹೊದ್ದು ರಾಗಿ ಡಬ್ಬ ಹಿಡಿದು ಮಿಲ್ಲಿಗೆ ಹೋದಳಂತೆ. ಅವನು ಬೀಸುವುದನ್ನು ಬಿಟ್ಟು ಹಿಂದಿನ ದಿನದ ಕಥೆ ಹೇಳಿದನಂತೆ. "ನೋಡೋಕೆ ಸ್ವಲ್ಪ ನಿಮ್ ತರಾನೇ ಇದ್ರು ಕಣಮ್ಮ. ಆದ್ರೆ ಅವರ ಮುಖದಲ್ಲಿ ಒಂದು ಕಳೆ ಇತ್ತು."

ಅವಳು ಮನೆಗೆ ಬಂದು ಬಹಳ ಹೊತ್ತು ಕನ್ನಡಿ ನೋಡಿಕೊಂಡಳು. ಆಮೇಲೆ ಆ ಅರ್ಜಿ ಕೈಚೀಲದಲ್ಲಿ ಇಟ್ಟುಕೊಂಡು ಬಸ್ ಹತ್ತಿ ನಗರಪಾಲಿಕೆ ಕಚೇರಿಗೆ ಹೋದಳು. ನೋಡ್ತೀನಿ ಅಂತ ಮಾತು ಕೊಟ್ಟಿದ್ದಳಲ್ಲ. ಮೊದಲ ದಿನ ಸಾಹೇಬರು ಇರಲಿಲ್ಲ. ಎರಡನೇ ದಿನ ಮೀಟಿಂಗ್‌ನಲ್ಲಿದ್ದರು. ಮೂರನೇ ದಿನ ಅವರ ಬಾಗಿಲಲ್ಲೇ ಕೂತಳು. ಮುಂದಿನ ವಾರ ಇಬ್ಬರು ಬಂದು ಹೊಸ ಚಪ್ಪಡಿ ಹಾಕಿ ಹೋದರು.

ಆ ಭಾನುವಾರ ರಾಗಿ ಬೀಸಿಸಲು ನಾನೂ ಅವಳ ಜೊತೆ ಹೋಗಿದ್ದೆ. ಮಿಲ್ಲಿನವನಿಗೆ ಹೇಳಿ ಮುಗಿಯುತ್ತಿರಲಿಲ್ಲ.

"ನೋಡಿದ್ರೇನಮ್ಮ, ಆ ಮೇಡಂ ಒಂದೇ ಮಾತಲ್ಲಿ ಕೆಲ್ಸ ಮಾಡ್ಸಿಬುಟ್ರು. ನಾವೂ ನೀವೂ ಇದ್ದೀವಿ, ಬರೀ ಸಹಿ ಹಾಕಕ್ಕೆ. ಬೀದಿ ದೀಪದ ವಿಷ್ಯಾನೂ ಹೇಳ್ಬೇಕಾಗಿತ್ತು, ಮರ್ತೋದೆ. ಇನ್ಯಾವತ್ತು ಬರ್ತಾರೋ ಪುಣ್ಯಾತ್ಗಿತ್ತಿ."

ನನ್ನ ಹೆಂಡತಿ ಬಿಸಿ ಹಿಟ್ಟಿನ ಡಬ್ಬವನ್ನು ಸೊಂಟಕ್ಕೆ ಏರಿಸಿಕೊಂಡಳು.

"ಬರ್ಬೇಕು ಅಂತ ಅವರಿಗೂ ತುಂಬಾ ಆಸೆ ಇದೆ ಕಣಪ್ಪ. ಗಾಡಿ ಸಿಗ್ಬೇಕಲ್ಲ" ಎಂದಳು.